ಎರಡು ಮಂಗಟ್ಟೆ, ಒಂದು ಬಾಣಂತಿ

ಹಕ್ಕಿಯ ಕೂಗು ಕೇಳಿ ಅದರ ಹೆಸರು ಹೇಳುವ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಿದವಳು ನಾನು. ಈ ಮಾತನ್ನು ಮದುವೆ ಮುಂಜಿಗಳಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ ಕಾಲವೊಂದಿತ್ತು. ಈಗ ಹೇಳುತ್ತಿರುವುದು ಹೆಮ್ಮೆಯಿಂದಲ್ಲ. ನಾನು ಕಲಿಸಿದ ಒಂದು ತಪ್ಪನ್ನು ಆ ಯಂತ್ರ ಹದಿನಾರು ವರ್ಷ ಚಾಚೂ ತಪ್ಪದೆ ಪಾಲಿಸಿತು. ಅದನ್ನು ತಿದ್ದಲು ಹೋಗಿ ನಾನು ಇನ್ನೊಂದು ತಪ್ಪು ಮಾಡಿದೆ. ಎರಡನ್ನೂ ಬರೆದಿಡುತ್ತೇನೆ.

ನನ್ನ ಹೆಸರು ಇಂದುಮತಿ ಕಲಘಟಗಿ. ಕಾಳಿ ನದಿಯ ದಂಡೆಯ ಶ್ರವಣ ಕೇಂದ್ರದಲ್ಲಿ ಧ್ವನಿ ಸಹಾಯಕಿ. ಊರಿನವರು ನಮ್ಮದನ್ನು ಕಿವಿ ಆಫೀಸು ಎನ್ನುತ್ತಾರೆ. ನದಿಯ ಎರಡೂ ಬದಿಯ ಕಾಡಿನಲ್ಲಿ ನಾಲ್ಕು ಸಾವಿರದ ಇನ್ನೂರು ಮರಗಳಿಗೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿದ್ದಾರೆ. ಅವೇ ಕಿವಿಗಳು. ಬೆಳಗಿನಿಂದ ಸಂಜೆಯವರೆಗೆ ಕೇಳಿದ್ದನ್ನೆಲ್ಲ ಅವು ನಮ್ಮ ಯಂತ್ರಕ್ಕೆ ಕಳಿಸುತ್ತವೆ. ಯಂತ್ರ ಇದು ಕುಟ್ರ, ಇದು ಮರಕುಟಿಗ, ಇದು ಲಾರಿ ಹಾರನ್ ಎಂದು ಬೇರ್ಪಡಿಸಿ, ಯಾವ ಹಕ್ಕಿ ಎಷ್ಟಿದೆ ಎಂದು ಪ್ರತಿ ಸೋಮವಾರ ಜೀವಿಪಟ್ಟಿ ಮಂಡಳಿಗೆ ತಿಳಿಸುತ್ತದೆ.

ಮಂಡಳಿ ಎಂದರೆ ಅಲ್ಲಿ ಮನುಷ್ಯರು ಕುಳಿತಿರುತ್ತಾರೆಂದು ತಿಳಿಯಬೇಡಿ. ಅದೂ ಒಂದು ಯಂತ್ರವೇ. ಯಾವ ಪ್ರಾಣಿಯನ್ನು ಕಾಯಬೇಕು, ಯಾವುದನ್ನು ಬಿಡಬೇಕು ಎಂದು ಸಭೆಗಳಲ್ಲಿ ಜಗಳವಾಡಿ ಸಾಕಾಗಿ, ಆ ಕೆಲಸವನ್ನು ಅಂಕಿಗಳಿಗೇ ಒಪ್ಪಿಸಿಬಿಟ್ಟಿದ್ದರು. ಪಟ್ಟಿಯಲ್ಲಿ ಮೂರು ಬಣ್ಣ. ಹಸಿರು ಎಂದರೆ ಸಾಕಷ್ಟಿವೆ, ಚಿಂತೆಯಿಲ್ಲ; ಅದಕ್ಕೆ ಒಂದೇ ಕುಲದ ಹಕ್ಕಿಗಳ ಗೂಡು ಎಲ್ಲ ಸೇರಿ ಐನೂರು ದಾಟಬೇಕು. ಕೆಂಪು ಎಂದರೆ ಅಪಾಯದಲ್ಲಿವೆ, ಗೂಡು ಮುಗಿಯುವವರೆಗೆ ಅವುಗಳ ಮರದ ಸುತ್ತ ಇನ್ನೂರು ಮೀಟರಿನೊಳಗೆ ಯಾರೂ ಕೊಡಲಿ ಎತ್ತುವಂತಿಲ್ಲ. ಮೂರನೆಯದು ಬೂದು. ಇಪ್ಪತ್ತು ಗೂಡಿಗಿಂತ ಕಡಿಮೆ ಉಳಿದರೆ ಆ ಜಾತಿ ಬೂದು. ಇನ್ನು ಉಳಿಯುವುದಿಲ್ಲ, ಅದರ ರಕ್ತದ ಹನಿ ಶೀತಪೆಟ್ಟಿಗೆಯಲ್ಲಿದೆ, ಮರವನ್ನು ಬಿಟ್ಟುಕೊಡಿ ಎಂದು ಅರ್ಥ. ಸೋಮವಾರ ಅಂಕಿ ಬದಲಾದರೆ ಬಣ್ಣ ತಾನಾಗಿ ಬದಲಾಗುತ್ತದೆ. ಸಹಿ ಬೇಡ, ಮುದ್ರೆ ಬೇಡ.

ಇನ್ನು ಮಂಗಟ್ಟೆಗಳ ವಿಷಯ. ನಮ್ಮ ಕಾಡಿನಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಮಂಗಟ್ಟೆ ನಿಜಕ್ಕೂ ದೊಡ್ಡದು. ಕೊಕ್ಕಿನ ಮೇಲೆ ಇನ್ನೊಂದು ಹಳದಿ ಕೊಕ್ಕನ್ನು ಹೊತ್ತುಕೊಂಡಂತಿರುತ್ತದೆ, ಹಾರಿದರೆ ರೆಕ್ಕೆಯ ಸದ್ದು ಅರ್ಧ ಮೈಲಿಗೆ ಕೇಳುತ್ತದೆ. ಕರಿಬಿಳಿ ಮಂಗಟ್ಟೆ ಅದರ ಚಿಕ್ಕಪ್ಪನ ಮಗನ ಹಾಗೆ. ಗಾತ್ರದಲ್ಲಿ ಚಿಕ್ಕದು, ಮೈ ಕಪ್ಪು, ಹೊಟ್ಟೆ ಬಿಳಿ, ದನಿ ಮಾತ್ರ ಕೋಳಿಗೂಡಿಗೆ ಬೆಕ್ಕು ನುಗ್ಗಿದಂತೆ. ಎರಡರ ಬಾಣಂತನದ ರೀತಿಯೂ ಒಂದೇ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಗಿಲು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಉಳಿಸಿಕೊಳ್ಳುತ್ತದೆ. ಗಂಡು ಆಲದ ಹಣ್ಣು, ಬಸರಿ ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಗಂಡು ಸತ್ತರೆ ಒಳಗಿನವರಿಗೂ ಬದುಕು ಕಷ್ಟ.

ಬಾಣಂತನ ಎಂದೆನಲ್ಲ, ತಪ್ಪು ಹುಟ್ಟಿದ್ದೇ ಆ ಮಾತಿನಿಂದ. ಯಂತ್ರಕ್ಕೆ ಪಾಠ ಹೇಳಲು ಮೊದಲು ಹೆಸರು ಗೊತ್ತಿರುವ ದನಿಗಳು ಬೇಕಿದ್ದವು. ಗೂಡು ಕಾಯುವ ಹನ್ನೆರಡು ಮಂದಿಗೆ ಧ್ವನಿಮುದ್ರಕ ಕೊಟ್ಟು ಹೇಳಿದ್ದೆವು: ಹಕ್ಕಿ ಕೂಗಿದ್ದು ಮುಗಿದ ಮೇಲೆ ಅದರ ಹೆಸರನ್ನು ಸ್ಪಷ್ಟವಾಗಿ ಮೂರು ಸಲ ಹೇಳಿ. ಅವರು ಎಲ್ಲ ಹಕ್ಕಿಗೂ ಹಾಗೆಯೇ ಹೇಳಿದರು, ಗೂಡಿನ ಮಂಗಟ್ಟೆಯೊಂದನ್ನು ಬಿಟ್ಟು. ಅವರ ಹಿರಿಯಳು ಭಾಗೂಬಾಯಿ. ಬಾಗಿಲು ಮುಚ್ಚಿಕೊಂಡವಳ ಹೆಸರು ಹಿಡಿದು ಕರೆದರೆ ಅವಳಿಗೆ ಕೇಡಾಗುತ್ತದೆ ಎಂಬುದು ಭಾಗೂಬಾಯಿಯ ನಂಬಿಕೆ. ಅವಳನ್ನು ನೋಡಿ ಉಳಿದವರೂ ಅದನ್ನೇ ರೂಢಿ ಮಾಡಿಕೊಂಡರು. ಹಾಗಾಗಿ ಗೂಡಿನ ಧ್ವನಿಮುದ್ರಣಗಳ ಕೊನೆಯಲ್ಲೆಲ್ಲ ಒಂದೇ ಮಾತು: ಬಾಣಂತಿ, ಬಾಣಂತಿ, ಬಾಣಂತಿ.

ನನ್ನ ಪರದೆಯಲ್ಲಿ ಎರಡು ಚೌಕಗಳಿದ್ದವು, ದೊಡ್ಡ ಮಂಗಟ್ಟೆ ಮತ್ತು ಕರಿಬಿಳಿ ಮಂಗಟ್ಟೆ. ಬಾಣಂತಿಗೆ ಚೌಕವಿರಲಿಲ್ಲ. ಒಂದಕ್ಕಾದರೂ ಗುರುತು ಹಾಕದೆ ಪುಟ ಮುಂದೆ ಹೋಗುತ್ತಿರಲಿಲ್ಲ. ಕಾಡಿಗೆ ಹೋಗಿ ಕೇಳಿಕೊಂಡು ಬರಬಹುದಿತ್ತು, ಹೋಗಲಿಲ್ಲ. ಎರಡೂ ಇರಲಿ, ಯಾವುದೋ ಒಂದು ಸರಿ ಇರುತ್ತದಲ್ಲ ಎಂದು ಎರಡಕ್ಕೂ ಗುರುತು ಹಾಕಿದೆ. ನೂರಾರು ಮುದ್ರಣಗಳಿಗೆ ಹಾಗೆಯೇ ಹಾಕಿದೆ. ಯಂತ್ರ ಅದನ್ನೇ ಕಲಿತಿತು. ಅಂದಿನಿಂದ ಪ್ರತಿ ಗೂಡನ್ನೂ ಎರಡೂ ಜಾತಿಯ ಸಾಲಿನಲ್ಲಿ ಎಣಿಸಿತು. ಒಬ್ಬಳೇ ಸೊಸೆಯನ್ನು ಎರಡು ಮನೆಯವರು ತಮ್ಮವಳೆಂದು ಪಡಿತರ ಚೀಟಿಯಲ್ಲಿ ಬರೆಸಿದ ಹಾಗಾಯಿತು. ಕುಲದ ಮೊತ್ತ ಇಮ್ಮಡಿಯಾಗಿ, ಎರಡೂ ಹಕ್ಕಿ ಹದಿನಾರು ವರ್ಷ ಹಸಿರಿನಲ್ಲಿ ಕುಳಿತವು.

ಇದು ಬಯಲಾದದ್ದು ಈ ವರ್ಷದ ಫೆಬ್ರುವರಿಯಲ್ಲಿ. ನಮ್ಮ ಊರಿಗೆ ಹೊಸ ವಿದ್ಯುತ್ ಮಾರ್ಗ ಬರುವುದಿತ್ತು, ಕಾಡಿನ ನಡುವೆ ಮರ ಕಡಿಯುತ್ತಾ ಬರಬೇಕು. ದಾರಿಗೆ ಅಡ್ಡವಿರುವ ಗೂಡಿನ ಮರಗಳ ವಿವರ ಕೇಳಿದ್ದರು. ಅಲ್ಲಿಯವರೆಗೆ ನಾವು ನೋಡುತ್ತಿದ್ದುದು ಒಟ್ಟು ಮೊತ್ತವನ್ನು ಮಾತ್ರ. ಮೊದಲ ಸಲ ಒಂದೊಂದೇ ಮರವನ್ನು ತೆರೆದು ನೋಡಿದೆ. ಒಂದೇ ಪೊಟರೆಯಲ್ಲಿ ಎರಡು ಜಾತಿಯ ತಾಯಂದಿರು. ಮುಂದಿನ ಮರದಲ್ಲೂ ಅದೇ. ಅದರ ಮುಂದಿನದರಲ್ಲೂ.

ಮೂರು ವಾರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತೆ. ಬೇರ್ಪಡಿಸುವ ದಾರಿ ಸುಲಭವಾಗಿಯೇ ಇತ್ತು. ಗಂಡು ಹಣ್ಣು ತರುವಾಗಿನ ರೆಕ್ಕೆಯ ಸದ್ದು. ದೊಡ್ಡದರ ರೆಕ್ಕೆ ಹಳೆಯ ಉಗಿಬಂಡಿಯಂತೆ ಉಸಿರುಬಿಡುತ್ತದೆ, ಕರಿಬಿಳಿಯದು ಸುಮ್ಮನೆ ಬಂದು ಕೂರುತ್ತದೆ. ಒಂದೊಂದು ಗೂಡಿನ ದಿನದಿನದ ಧ್ವನಿಯನ್ನೂ ಕೇಳಿದೆ. ಮುಗಿದಾಗ ಕಾಗದದ ಮೇಲೆ ಎರಡು ಅಂಕಿ ಉಳಿದವು. ಕರಿಬಿಳಿ ಮಂಗಟ್ಟೆ, ಇನ್ನೂರ ತೊಂಬತ್ತು ಗೂಡು. ದೊಡ್ಡ ಮಂಗಟ್ಟೆ, ಒಂದು.

ಒಂದು ಎಂದು ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಉಳಿದವು ಯಾವಾಗ ಹೋದವು, ಯಾವ ವರ್ಷದ ಬಿಸಿಲಿಗೆ, ಯಾವ ಆಲದ ಮರ ಬಿದ್ದ ಮೇಲೆ, ಯಾವುದೂ ತಿಳಿಯದು. ನಾವು ಹಸಿರು ಬಣ್ಣ ನೋಡುತ್ತ ಚಹಾ ಕುಡಿಯುತ್ತಿದ್ದಾಗ ಹೋಗಿದ್ದವು.

*

ಆ ದಿನಗಳಲ್ಲಿ ಮನೆಯಲ್ಲಿ ನನ್ನ ಮಗಳು ವೈಶಾಲಿಯ ಹೆರಿಗೆಯಾಯಿತು. ಹೆಣ್ಣು ಕೂಸು. ಬಿಸಿಲು ಮಾರ್ಚಿನಲ್ಲೇ ನಲವತ್ತನಾಲ್ಕು ಮುಟ್ಟಿತ್ತು. ಈಗಿನ ಎಲ್ಲ ಮನೆಗಳಂತೆ ನಮ್ಮದರಲ್ಲೂ ಒಂದು ತಂಪು ಕೋಣೆ, ಗೋಡೆಗೆ ಕಿಟಕಿಯಿಲ್ಲ, ಬಾಗಿಲಿಗೆ ರಬ್ಬರಿನ ಅಂಚು. ಅದಕ್ಕೆ ದಿನಕ್ಕೆ ನಾಲ್ಕು ತಾಸು ಕರೆಂಟು, ಬಾಣಂತಿ ಇರುವ ಮನೆಗೆ ಆರು ತಾಸು. ಉಳಿದ ಹೊತ್ತು ನಾನು ಒದ್ದೆ ಚಾದರ ಕಟ್ಟಿ ಬೀಸಣಿಗೆ ಬೀಸುತ್ತಿದ್ದೆ.

"ಅವ್ವಾ, ಹೊಸಾ ಲೈನು ಬಂದ್ರ ಹನ್ನೆರಡು ತಾಸು ಕೊಡ್ತಾರಂತ. ಯಾವಾಗ ಬರ್ತದದು?" ಎಂದು ವೈಶಾಲಿ ಕೇಳಿದಳು. ಕೂಸಿನ ಬೆನ್ನ ಮೇಲೆಲ್ಲ ಬೆವರುಸಾಲೆ ಎದ್ದಿತ್ತು.

"ಬರ್ತದ," ಎಂದೆ. ನಾನು ಆಫೀಸಿನಲ್ಲಿ ಹಿಡಿದಿದ್ದ ಕಾಗದ ಆ ಲೈನನ್ನು ಮೂರು ತಿಂಗಳು ಹಿಂದಕ್ಕೆ ತಳ್ಳುವಂಥದ್ದು ಎಂದು ಹೇಳಲಿಲ್ಲ.

ಕೇಂದ್ರದ ಮುಖ್ಯಸ್ಥರು ವಿರೂಪಾಕ್ಷ ಹಂಚಿನಾಳ. ಒಳ್ಳೆಯವರು, ದಣಿದವರು. ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಕಳಸಲೇಬೇಕ್ರಿ, ಇಂದುಮತಿ. ಕಳಿಸಿದ್ರ ಮೊತ್ತ ಐನೂರರ ಕೆಳಗ ಇಳದು ಕರಿಬಿಳಿ ಕೆಂಪಿಗೆ ಬರ್ತದ. ಇನ್ನೂರ ತೊಂಬತ್ತು ಮರ ಉಳೀತಾವ."

"ದೊಡ್ಡದು ಬೂದಿಗೆ ಬೀಳ್ತದ ಸರ್. ಇರೂದೊಂದು ಗೂಡು, ಅದೂ ಲೈನಿನ ದಾರ್‍ಯಾಗ ಐತಿ. ಸೋಮವಾರ ಕಳಿಸಿದ್ರ ಮಂಗಳವಾರ ಮರ ಇರೂದಿಲ್ಲ."

"ಕಳಸದಿದ್ರ ಎರಡೂ ಹಸಿರು. ಆಗೂ ಆ ಮರ ಇರೂದಿಲ್ಲ, ಬಾಕಿ ಮರಾನೂ ಇರೂದಿಲ್ಲ."

ಸುಳ್ಳು ಹೇಳಿದರೆ ಹೆಚ್ಚಿವೆ ಎಂದು ಕಡಿಯುತ್ತಾರೆ, ನಿಜ ಹೇಳಿದರೆ ಕಡಿಮೆಯಿವೆ ಎಂದು ಕಡಿಯುತ್ತಾರೆ. ಕಾಯುವ ಬಣ್ಣವೊಂದು ನಡುವೆ ಇತ್ತು, ಅದರಲ್ಲಿ ಜಾಗವಿದ್ದದ್ದು ಕರಿಬಿಳಿಗೆ ಮಾತ್ರ.

ನಾನೇ ಬಾಯಿ ಬಿಟ್ಟೆ. "ಆ ಒಂದು ಗೂಡನ್ನೂ ಕರಿಬಿಳಿ ಅಂತ ಬರದ್ರ?"

ಹಂಚಿನಾಳ ನನ್ನ ಮುಖ ನೋಡಲಿಲ್ಲ. ಕನ್ನಡಕ ಒರೆಸುತ್ತ ಹೇಳಿದರು. "ಇನ್ನೂರ ತೊಂಬತ್ತೊಂದು. ಯಾರಿಗೆ ಗೊತ್ತಾಗ್ತದ. ಆದ್ರ ಒಂದು ನೆನಪಿಟ್ಗೋರಿ, ದೊಡ್ಡ ಮಂಗಟ್ಟೆ ಮುಂದ ಸೊನ್ನೆ ಅಂತ ಬೀಳ್ತದ. ಆ ಹಕ್ಕಿನ ಇಲ್ಲ ಅಂದ್ಹಂಗ."

"ಕಾಗದದಾಗ ಇಲ್ದಿದ್ರೂ ಮರದಾಗ ಇರ್ತದಲ್ರೀ."

ಅದು ಬುದ್ಧಿವಂತಿಕೆಯ ಮಾತೆಂದು ನನಗೆ ಆಗ ಅನ್ನಿಸಿತ್ತು.

*

ಕಳಿಸುವ ಮುಂಚೆ ಒಮ್ಮೆ ಆ ಮರವನ್ನು ಕಣ್ಣಾರೆ ನೋಡಬೇಕೆನ್ನಿಸಿತು. ಹದಿನಾರು ವರ್ಷ ಅವುಗಳ ದನಿ ಕೇಳಿದವಳು, ಒಂದು ಗೂಡನ್ನೂ ನೋಡಿರಲಿಲ್ಲ. ಕೂಸಿಗೆ ಹನ್ನೊಂದು ದಿನವಾಗಿತ್ತು. ಪಕ್ಕದ ಮನೆಯವರನ್ನು ವೈಶಾಲಿಯ ಹತ್ತಿರ ಕೂರಿಸಿ ಬೆಳಗಿನ ಜೀಪು ಹತ್ತಿದೆ.

ಗೂಡಿದ್ದದ್ದು ಒಂದು ತಾರೆ ಮರದಲ್ಲಿ, ನೆಲದಿಂದ ಅರವತ್ತು ಅಡಿ ಮೇಲೆ. ಕೆಳಗೆ ಭಾಗೂಬಾಯಿ ಕುಳಿತಿದ್ದಳು, ಕೊರಳಲ್ಲಿ ಕಾವಲಿನ ಸೀಟಿ. ಹನ್ನೆರಡು ಮಂದಿ ಕಾವಲುಗಾರರಲ್ಲಿ ಉಳಿದವಳು ಅವಳೊಬ್ಬಳೇ, ಮಿಕ್ಕವರ ಬದಲಿಗೆ ಕಿವಿಗಳು ಬಂದಿದ್ದವು. ಎಪ್ಪತ್ತು ದಾಟಿದ್ದರೂ ಎಮ್ಮೆ ಕಾಯ್ದ ಕಾಲುಗಳು, ಬಿಗಿಯಾಗಿದ್ದವು.

"ಬರ್‍ರಿ ಇಂದಕ್ಕಾರ, ಇವತ್ತ ಕಾಡು ನೆನಪಾತೇನು," ಎಂದಳು.

"ಹೆಂಗದಾಳ ಮಾವಶಿ, ನಿನ್ನ ಬಾಣಂತಿ?"

"ಆರಾಮದಾಳ. ನಿನ್ನೆ ಕೂಸು ದನಿ ಮಾಡೇತಿ." ಅವಳ ಮುಖವೆಲ್ಲ ಅರಳಿತು. "ಯಜಮಾನ ಮಾತ್ರ ಸೊರಗ್ಯಾನ. ಮೊದಲ ಇಲ್ಲೇ ಆಲದ ಮರ ಇದ್ವು. ಈಗ ಒಂದೊಂದು ಹಣ್ಣಿಗೂ ಹೊಳಿ ದಾಟಿ ಹೋಗಬೇಕ."

ಅಷ್ಟರಲ್ಲಿ ಆ ಸದ್ದು ಕೇಳಿತು. ಹೆಡ್‌ಫೋನಿನಲ್ಲಿ ಸಾವಿರ ಸಲ ಕೇಳಿದ ಸದ್ದೇ, ಆದರೆ ಈಗ ಎದೆಗೆ ತಾಗುವಂತಿತ್ತು. ಗಂಡು ಬಂದು ಪೊಟರೆಯ ಬಾಯಿಗೆ ಅಂಟಿಕೊಂಡಿತು. ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನೊಳಗೆ ಕೊಟ್ಟಿತು. ಒಳಗಿನಿಂದ ಕೊಕ್ಕಿನ ತುದಿ ಬಂದು ಇಸಕೊಂಡಿತು. ಎಂಟು ಹಣ್ಣು. ಅದು ತಾನು ಒಂದನ್ನೂ ತಿನ್ನಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಅದನ್ನು ಬಿಸಿಲಿನ ಮೇಲೆ ಹಾಕಿದೆ.

"ಈ ಮರ ಯಾರೂ ಮುಟ್ಟೂದಿಲ್ಲ ಮಾವಶಿ. ನಾ ಬಂದೋಬಸ್ತ ಮಾಡೀನಿ. ಬಾಣಂತಿ ಹೊರಗ ಬರೂತನಕ ಯಾವ ಯಂತ್ರಾನೂ ಹತ್ರ ಬರೂದಿಲ್ಲ."

ಭಾಗೂಬಾಯಿ ಮೇಲೆ ನೋಡುತ್ತಲೇ ಹೇಳಿದಳು. "ಇಕಿ ಬ್ಯಾರೆ ಥರದ ಬಾಣಂತಿ ಅಕ್ಕಾರ. ಆ ಸಣ್ಣಾಕಿ ಹಂಗ ಕೂತು ಉಣ್ಣಾಕಿ ಅಲ್ಲ. ಲಗೂನ ಎದ್ದು ಕೆಲಸಕ್ಕ ಹೋಗಾಕಿ."

ನಾನು ನಕ್ಕೆ. ಹೆತ್ತ ತಿಂಗಳಿಗೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೂಲಿಗೆ ಹೊರಡುವ ಎಷ್ಟೋ ಹೆಂಗಸರನ್ನು ನೋಡಿದ್ದೇನೆ. ಗಟ್ಟಿಗಿತ್ತಿ ಎಂದು ಹೊಗಳುತ್ತಿದ್ದಾಳೆ ಅಂದುಕೊಂಡೆ. ಹಾಗೆಂದರೇನು ಎಂದು ಒಂದು ಮಾತು ಕೇಳಲಿಲ್ಲ.

ಸೋಮವಾರ ತಿದ್ದಿದ ಅಂಕಿ ಹೋಯಿತು. ಕರಿಬಿಳಿ ಕೆಂಪಾಯಿತು. ದೊಡ್ಡ ಮಂಗಟ್ಟೆಯ ಸಾಲು ಬೂದಾಯಿತು, ಸಂಜೆಯ ಹೊತ್ತಿಗೆ ನನ್ನ ಪರದೆಯಿಂದಲೇ ಮಾಯವಾಯಿತು. ಲೈನಿನವರ ಕೊಯ್ಯುವ ಯಂತ್ರಗಳು ನಿಂತಲ್ಲೇ ನಿಂತವು. ತಾರೆ ಮರದಿಂದ ಇನ್ನೂರು ಮೀಟರು ದೂರದಲ್ಲೂ ಒಂದು ನಿಂತಿತು. ಅದಕ್ಕೆ ಚಾಲಕನಿರುವುದಿಲ್ಲ. ಬಣ್ಣ ನೋಡಿ ನಿಲ್ಲುತ್ತದೆ, ಬಣ್ಣ ನೋಡಿ ಹೊರಡುತ್ತದೆ.

*

ವೈಶಾಲಿಯ ನಲವತ್ತನೆಯ ದಿನ. ಇಬ್ಬರಿಗೂ ಎರೆದು, ಕೂಸಿನ ತಲೆಗೆ ಹೊಸ ಕುಲಾಯಿ ಕಟ್ಟಿ, ಕಾಡಿಗೆ ಹಚ್ಚಿದೆ. ವೈಶಾಲಿ ಕೂಸನ್ನು ಎತ್ತಿಕೊಂಡು ಮೊದಲ ಸಲ ತಂಪು ಕೋಣೆಯ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಕೂಸು ಬೆಳಕಿಗೆ ಕಣ್ಣು ಕಿರಿದು ಮಾಡಿತು. ನಾನು ದೃಷ್ಟಿ ತೆಗೆಯುತ್ತಿದ್ದಾಗ ಫೋನು ಮಿಡಿಯಿತು.

ಮಂಡಳಿಯ ಸಂದೇಶ. "ತಾರೆ ಮರ, ಕರಿಬಿಳಿ ಮಂಗಟ್ಟೆ. ಬಾಗಿಲು ಒಡೆದ ಸದ್ದು ಕೇಳಿದೆ. ತಾಯಿ ಹೊರಬಂದಿದೆ. ಗೂಡು ಮುಗಿದಿದೆ. ರಕ್ಷಣೆ ತೆರವಾಗಿದೆ. 10.52."

ನನಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ. "ನೋಡ ವೈಶಾಲಿ, ಇವತ್ತ ಎರಡು ಬಾಣಂತ್ಯಾರು ಹೊರಗ ಬಂದ್ರು," ಎಂದೆ.

"ಮರೀನೂ ಹಾರ್‍ತೇನವ್ವಾ?"

"ಹಾರಿರ್ತದ. ತಾಯಿ ಕೂಸನ್ನ ಒಳಗ ಬಿಟ್ಟು ಬರ್ತಾಳೇನು?"

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಸರಿ ಕೇಳಲಿಲ್ಲ. ಬೆರಳು ಮಡಚಿ ಎಣಿಸಿದೆ. ನಾನು ಮರದ ಹತ್ತಿರ ಹೋದಾಗ ಕೂಸಿಗೆ ಹನ್ನೊಂದು ದಿನ. ಅದರ ಹಿಂದಿನ ದಿನ ಮರಿ ದನಿ ಮಾಡಿತ್ತು. ಎಂದರೆ ಮರಿಗೆ ಈಗ ಒಂದು ತಿಂಗಳು. ಒಂದು ತಿಂಗಳ ಮಂಗಟ್ಟೆ ಮರಿಗೆ ಪುಕ್ಕವೇ ಪೂರ್ತಿ ಬಂದಿರುವುದಿಲ್ಲ, ಹಾರುವುದು ಎಲ್ಲಿಂದ ಬಂತು.

ಆಗ ನೆನಪಾದದ್ದು ನನ್ನ ಮೇಜಿನ ಎದುರಿನ ಗೋಡೆ. ಎರಡೂ ಹಕ್ಕಿಗಳ ಹೋಲಿಕೆಯ ಪಟ್ಟಿಯೊಂದನ್ನು ಅಲ್ಲಿ ಅಂಟಿಸಿ ಹದಿನಾರು ವರ್ಷವಾಗಿತ್ತು. ಗಾತ್ರ, ಬಣ್ಣ, ಕೂಗು, ರೆಕ್ಕೆಯ ಸದ್ದು. ನನಗೆ ಬೇಕಾದ ಸಾಲುಗಳು ಬಾಯಿಪಾಠ. ಕೆಳಗಿನ ಸಾಲನ್ನು ದಿನಾ ನೋಡಿದ್ದೆ, ಓದಿರಲಿಲ್ಲ. ತಾಯಿ ಹೊರಬರುವುದು. ಕರಿಬಿಳಿ: ಮರಿಗಳು ಹಾರುವ ಹೊತ್ತಿಗೆ. ದೊಡ್ಡದು: ಮರಿ ಅರ್ಧ ಬೆಳೆದಾಗ. ತಾಯಿ ಬಾಗಿಲು ಒಡೆದು ಬಂದು ಗಂಡಿನ ಜೊತೆ ತಾನೂ ಹಣ್ಣು ತರಲು ಹೋಗುತ್ತದೆ. ಮರಿ ಒಳಗಿನಿಂದ ತಾನೇ ಬಾಗಿಲು ಮೆತ್ತಿಕೊಂಡು ಕೂರುತ್ತದೆ.

ಲಗೂನ ಎದ್ದು ಕೆಲಸಕ್ಕೆ ಹೋಗುವವಳು. ಭಾಗೂಬಾಯಿ ನನಗೆ ಹೇಳಿದ್ದಳು, ನೆಟ್ಟಗೆ ನನ್ನ ಮುಖಕ್ಕೇ ಹೇಳಿದ್ದಳು.

ಹಂಚಿನಾಳರಿಗೆ ಫೋನು ಹಚ್ಚಿದಾಗ ಹನ್ನೊಂದು ಗಂಟೆ ಹತ್ತು ನಿಮಿಷ.

"ಸರ್, ಮರಿ ಒಳಗೈತಿ. ಆ ಗೂಡು ಮುಗದಿಲ್ಲ. ಬಂದ್ ಮಾಡಸ್ರಿ."

ಅವರು ಕೀಲಿಮಣೆ ಬಡಿಯುವುದು ನನಗೆ ಕೇಳುತ್ತಿತ್ತು. "ಕರಿಬಿಳಿ ಗೂಡು ತಾಯಿ ಬಂದ ಮ್ಯಾಲೆ ಮತ್ತ ತೆರಿಯಾಕ ಬರೂದಿಲ್ಲ ಅಂತದ. ಆ ಸಾಲಿನ ನಿಯಮಾನ ಹಂಗ."

"ದೊಡ್ಡದು ಅಂತ ತಿದ್ರಿ."

ಕೀಲಿಮಣೆಯ ಸದ್ದು ನಿಂತಿತು. "ದೊಡ್ಡದರ ಸಾಲ ಇಲ್ಲಲ್ರೀ, ಇಂದುಮತಿ. ನಾವ ತಗಸೇವಿ."

ಚಪ್ಪಲಿ ಮೆಟ್ಟದೆ ಓಡಿದೆ. ಜೀಪು ಸಿಗುವಷ್ಟರಲ್ಲಿ ಹನ್ನೊಂದೂವರೆಯಾಗಿತ್ತು. ಮರದ ಹತ್ತಿರ ಮುಟ್ಟಿದಾಗ ಹನ್ನೆರಡೂ ಕಾಲು. ಆ ಯಂತ್ರ ಒಂದು ದೊಡ್ಡ ಮರಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಕೊಯ್ದು, ಕೊಂಬೆ ಸವರಿ, ತುಂಡು ಮಾಡಿ ಸಾಲಾಗಿ ಜೋಡಿಸಿ ಮುಂದೆ ಹೋಗಿತ್ತು. ಭಾಗೂಬಾಯಿ ಒಂದು ತುಂಡಿನ ಮೇಲೆ ಕುಳಿತಿದ್ದಳು. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡಿದ್ದಳು, ನನಗೆ ತೋರಿಸಲಿಲ್ಲ. ನಾನು ನೋಡಿದ್ದು ಪೊಟರೆಯ ಬಾಯನ್ನು ಮಾತ್ರ. ಅದರ ಮುಕ್ಕಾಲು ಭಾಗಕ್ಕೆ ಹೊಸದಾಗಿ ಮೆತ್ತಲಾಗಿತ್ತು. ಮುಟ್ಟಿದರೆ ಇನ್ನೂ ಹಸಿಯಾಗಿತ್ತು.

*

ಮರದ ಕಿವಿ ಕೊನೆಯವರೆಗೂ ಕೆಲಸ ಮಾಡಿತ್ತು. ಮರುದಿನ ಆ ಮುದ್ರಣ ನನ್ನ ಮೇಜಿಗೆ ಬಂತು. ಯಂತ್ರಕ್ಕೆ ಗುರುತು ಸಿಗದ ದನಿಗಳನ್ನು ನನಗೇ ಕಳಿಸುವುದು ಪದ್ಧತಿ.

ತಾಯಿ ಹಾರಿಹೋದ ರೆಕ್ಕೆಯ ಸದ್ದು ಮೊದಲು. ಆಮೇಲೆ ಸಣ್ಣಗೆ ಟಪ್, ಟಪ್, ಟಪ್. ಒಂದು ತಿಂಗಳ ಮರಿ ಯಾರೂ ಕಲಿಸದೆ ತನ್ನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು. ಯಂತ್ರ ಅದಕ್ಕೆ ಎಲೆಯ ಸದ್ದು ಎಂದು ಬರೆದಿತ್ತು. ಕಾಲು ತಾಸು ಅದೊಂದೇ ಸದ್ದು. ಬಳಿಕ ದೂರದಿಂದ ಮೋಟಾರಿನ ಗುಂಯ್ಗುಡುವಿಕೆ, ಜೊತೆಗೆ ಸೀಟಿ, ಜೋರಾಗಿ, ಮತ್ತೆ ಮತ್ತೆ. ಕೊಯ್ಯುವ ಯಂತ್ರಕ್ಕೆ ಸೀಟಿ ಅರ್ಥವಾಗುವುದಿಲ್ಲ. ಸೀಟಿ ನಿಂತು, ಕಿವಿಯ ಪೆಟ್ಟಿಗೆಗೆ ತೀರಾ ಹತ್ತಿರದಲ್ಲಿ ಏದುಸಿರು ಕೇಳಿತು.

"ಇಂದಕ್ಕಾರ, ಕೇಳಸ್ತದೇನ್ರಿ? ಬಾಣಂತಿ ಎದ್ದು ಹೋಗ್ಯಾಳ್ರಿ, ಕೂಸು ಒಳಗೈತಿ. ಇದಕ್ಕ ನಿಲ್ಲಂತ ಹೇಳ್ರಿ."

ಮೋಟಾರು ಇನ್ನೂ ಹತ್ತಿರ ಬಂತು. ಆಮೇಲೆ ಭಾಗೂಬಾಯಿ ಹದಿನಾರು ವರ್ಷದ ಹಿಂದೆ ನಾವು ಕಲಿಸಿದ್ದ ರೀತಿಯಲ್ಲಿ, ಗಂಟಲು ಸರಿಮಾಡಿಕೊಂಡು, ನಡುವೆ ಜಾಗ ಬಿಟ್ಟು, ಸ್ಪಷ್ಟವಾಗಿ ಹೇಳಿದಳು. ಗೂಡಿನಲ್ಲಿದ್ದಾಗ ಎಂದೂ ಬಾಯಲ್ಲಿ ತರದ ಹೆಸರನ್ನು ಹೇಳಿದಳು.

"ದೊಡ್ಡ ಮಂಗಟ್ಟೆ. ದೊಡ್ಡ ಮಂಗಟ್ಟೆ. ದೊಡ್ಡ ಮಂಗಟ್ಟೆ."

ಅದರ ಎದುರು ಯಂತ್ರ ಬರೆದಿತ್ತು: ಮನುಷ್ಯ ಧ್ವನಿ, ಹಕ್ಕಿ ಇಲ್ಲ.

ನಾಲ್ಕು ದಿನ ಬಿಟ್ಟು ಭಾಗೂಬಾಯಿ ಆಫೀಸಿಗೆ ಬಂದಳು. ಸೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು. ಜೋಡಿ ಇನ್ನೂ ಅಲ್ಲೇ ಸುತ್ತುತ್ತದೆ, ಗಂಟಲ ತುಂಬ ಹಣ್ಣು ಹೊತ್ತುಕೊಂಡು ಬಂದು ಕೂರಲು ಜಾಗ ಹುಡುಕುತ್ತದೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

"ನಾ ಹೆಸರು ಹೇಳಿದ್ನೆಲ್ರಿ ಅಕ್ಕಾರ, ಮೂರು ಸರ್ತಿ. ಕೇಳಸಲಿಲ್ಲೇನು?"

"ಕೇಳಿಸ್ತು ಮಾವಶಿ," ಎಂದೆ.

ಅವಳು ಹೋದ ಮೇಲೆ ಪರದೆಯ ಎದುರು ಕುಳಿತೆ. ಮನೆಯಿಂದ ವೈಶಾಲಿಯ ಸಂದೇಶ ಬಂದಿತ್ತು. ಕೆಂಪು ಮರಗಳನ್ನು ಸುತ್ತುಹಾಕಿ ಲೈನು ಒಂದು ಕಡೆಯಿಂದ ಊರು ಮುಟ್ಟಿತಂತೆ, ಇಂದಿನಿಂದ ಎಂಟು ತಾಸು ಕರೆಂಟು, ಕೂಸು ಮೊದಲ ಸಲ ಅಳದೆ ಮಲಗಿದೆಯಂತೆ. ಆ ಮುದ್ರಣ ಇನ್ನೂ ತೆರೆದೇ ಇತ್ತು. ಕೆಳಗೆ ಎಂದಿನ ಪ್ರಶ್ನೆ: ಈ ಧ್ವನಿಯಲ್ಲಿರುವ ಹಕ್ಕಿಯ ಹೆಸರೇನು? ಮಂಗಟ್ಟೆಗಳ ಕೆಳಗೆ ಈಗ ಒಂದೇ ಚೌಕವಿದೆ, ಕರಿಬಿಳಿಯದು.

ಅದಕ್ಕೆ ನಾನಿನ್ನೂ ಗುರುತು ಹಾಕಿಲ್ಲ. ಗುರುತು ಹಾಕದೆ ಪುಟ ಮುಂದೆ ಹೋಗುವುದಿಲ್ಲ.